ಹಣ್ಣುಕಾಯಿ ಬುಟ್ಟಿ

ಮಂಗಳವಾರ ಬೇಲೂರಿನ ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ. ಹಗರೆಯ ಕೆಂಪಲಕ್ಷ್ಮಮ್ಮನವರೂ ಬರುವ ದಿನ. ಮಗ ತಿಮ್ಮೇಶನ ಮಾತ್ರೆಗಳ ಬಣ್ಣ, ಹೊತ್ತು ಎಲ್ಲ ಅವರಿಗೆ ಬಾಯಿಪಾಠ. ಡಾಕ್ಟರು ಚೀಟಿ ಬರೆಯುವಾಗ ತಡವರಿಸಿದರೆ ಇವರೇ ಹೇಳಿಕೊಟ್ಟಾರು. ಸಾಲಿನಲ್ಲಿ ಹೊಸಬರು ಯಾರೆಂಬುದನ್ನು ಕೈಯಲ್ಲಿರುವ ಹಣ್ಣುಕಾಯಿ ಬುಟ್ಟಿ ನೋಡಿಯೇ ಹೇಳುತ್ತಾರೆ. ಬಸ್ಸಿನಲ್ಲಿ ಊರವರು ಕೇಳಿದರೆ ದೇವಸ್ಥಾನಕ್ಕೆ ಎನ್ನಲು ತಂದ ಬುಟ್ಟಿ ಅದು. ನಾನು ಮಗಳನ್ನು ಮೊದಲ ಸಲ ಕರೆತಂದಾಗ ನನ್ನ ಬುಟ್ಟಿಯೂ ಹೀಗೆಯೇ ಸಿಕ್ಕಿಬಿತ್ತು. "ಕೂತ್ಕಳಿ. ನಾನೂ ಎಂಟು ವರ್ಸ ಕಾಯಿ ಹೊತ್ಕಂಡು ಬಂದೋಳೇ ಕಣ್ರೀ. ಚಟ್ನಿಗಾಯ್ತು ಬಿಡಿ," ಎಂದು ಸರಿದು ಜಾಗ ಕೊಟ್ಟರು. ಮಗಳಿಗೇನೆಂದು ಕೇಳಲಿಲ್ಲ. "ನೀವು ಉಂಡ್ರಾ? ನಿಮಗೆ ನಿದ್ದೆ ಬತ್ತೈತಾ?" ಎಂದರು. ಅಷ್ಟಕ್ಕೇ ನಾನು ಸೆರಗು ಮುಖಕ್ಕೆ ಹಿಡಿದು ಅತ್ತುಬಿಟ್ಟೆ. ಆಮೇಲೆ ತಿಳಿಯಿತು, ತಿಮ್ಮೇಶನಿಗೆ ಮಾತ್ರೆ ಕೊಡುವುದು ತಿಂಗಳಿಗೊಮ್ಮೆ. ಅವರು ವಾರ ವಾರ ಬರಬೇಕಾಗಿಯೇ ಇಲ್ಲ. ಆದರೂ ಪ್ರತಿ ಮಂಗಳವಾರ ಬೆಳಗಿನ ಬಸ್ಸು ಹತ್ತುತ್ತಾರೆ. ಕಂಡಕ್ಟರ್ ಎಲ್ಲಿಗೆಂದು ಕೇಳಿದಾಗ, ಹಿಂದಿನ ಸೀಟಿನಲ್ಲಿ ಯಾರಾದರೂ ಬುಟ್ಟಿಗೆ ಸೆರಗು ಮುಚ್ಚಿಕೊಂಡು ಕೂತಿದ್ದರೆ ಅವರಿಗೂ ಕೇಳಲೆಂದು ದನಿ ಎತ್ತಿ ಹೇಳುತ್ತಾರೆ: "ಬೇಲೂರು ಆಸ್ಪತ್ರೆಗೆ ಕಣಪ್ಪ. ನನ್ನ ಮಗಂಗೆ ಮನಸ್ಸಿನ ಕಾಯ್ಲೆ ಐತೆ."