ಟೈಲರಕ್ಕ ಹೊಲಿದ ಪರದೆ

ಬೇಕರಿಯವರ ಹೆಂಡತಿ ಎರಡೂ ಕೈ ಚಾಚಿ ನಿಂತಿದ್ದಳು. ಟೈಲರಕ್ಕ ಭುಜದಿಂದ ಮಣಿಕಟ್ಟಿನವರೆಗೆ ಟೇಪು ಹಿಡಿದು, ಬಟ್ಟೆಯ ಅಂಚಿಗೆ ಸೀಮೆಸುಣ್ಣದಲ್ಲಿ ಗುರುತು ಹಾಕಿ, ಸೊಂಟದ ಹತ್ತಿರ ಪಿನ್ನು ಚುಚ್ಚತೊಡಗಿದಳು.

"ತೋಳು ಸ್ವಲ್ಪ ಸಡಿಲ ಇರಲಿ ಅಕ್ಕಾ. ಆಮೇಲೆ, ನೀವು ಮನೆ ಖಾಲಿ ಮಾಡೋದ್ರೊಳಗೆ ಕೊಟ್ಬಿಡಿ. ಹೆದ್ದಾರಿ ದಾಟಿ ಅಲ್ಲಿಗೆಲ್ಲಾ ಬರೋಕೆ ನಮಗೆ ದೂರ ಆಗುತ್ತೆ."

"ಹೂಂ," ಎಂದಳು ಟೈಲರಕ್ಕ. ತುಟಿಗಳ ನಡುವೆ ಪಿನ್ನುಗಳಿದ್ದವು.

ಒಳಕೋಣೆಯ ಮಂಚದಿಂದ ಅತ್ತೆಯ ಧ್ವನಿ ಬಂತು. "ದೂರ ಆದ್ರೇನಮ್ಮಾ, ಇಲ್ಲೆಲ್ಲಾ ನೀರು ನಿಂತ ಮೇಲೆ ದೋಣೀಲೇ ಬಂದ್ಬಿಡಿ!"

ಬೇಕರಿಯವರ ಹೆಂಡತಿ ನಕ್ಕಳು. ಅತ್ತೆ ನಗಲಿಲ್ಲ.

ಟೈಲರಕ್ಕನ ಅಂಗಡಿಯೆಂದರೆ ಮನೆಯ ಮುಂದಿನ ಕೋಣೆಯೇ. ಬೀದಿಗೆ ತೆರೆಯುವ ಕಿಟಕಿ, ಅದರ ಕೆಳಗೆ ಇಟ್ಟಿಗೆಗಳ ಮೇಲೆ ಏರಿಸಿಟ್ಟ ಹೊಲಿಗೆ ಯಂತ್ರ. ಗಂಡ ತೀರಿಕೊಂಡ ಮೇಲೆ ಈ ಕಿಟಕಿಯೇ ಇಬ್ಬರು ಹೆಂಗಸರ ಹೊಟ್ಟೆ ಹೊರೆದಿದೆ. ಅತ್ತೆಗೆ ಸೊಂಟ ಮುರಿದಿದೆ. ಗೋಡೆ ಹಿಡಿದು ಬಚ್ಚಲಿಗೆ ಹೋಗಿಬರುವುದೇ ಅವರ ತಿರುಗಾಟ. ಬಡಾವಣೆಯಲ್ಲಿ ಎಲ್ಲಕ್ಕಿಂತ ತಗ್ಗಿನಲ್ಲಿರುವ ಬೀದಿ ಇದು. ಮೊದಲೆಲ್ಲ ತಿಂಗಳಿಡೀ ಹನಿಯುತ್ತಿದ್ದ ಮಳೆ ಈಗ ಒಂದೇ ಸಂಜೆ ಸುರಿದು ಹೋಗುತ್ತದೆ. ಮೇಲಿನ ಬೀದಿಗಳ ನೀರೆಲ್ಲ ಇಲ್ಲಿಗಿಳಿದು, ಕಾಲುವೆಯ ನೀರೂ ಸೇರಿಕೊಂಡು ಹಿಂದಕ್ಕೆ ಏರಿ, ಮೇಲಿನವರ ಮನೆಗಳಿಗೂ ನುಗ್ಗುತ್ತದೆ.

ಆ ನೀರು ನಿಲ್ಲಲು ಒಂದು ಹೊಂಡ ತೋಡಬೇಕೆಂದು ನಗರ ಕಚೇರಿ ತೀರ್ಮಾನಿಸಿತು. ಎರಡು ಜಾಗಗಳು ಹೊಂದುತ್ತಿದ್ದವು. ಒಂದು, ಬೇಕರಿಯ ಎದುರಿನ ಆಟದ ಮೈದಾನ. ಅಲ್ಲಿ ಯಾರ ಮನೆಯೂ ಹೋಗುವುದಿಲ್ಲ. ವಾಸನೆ, ಸೊಳ್ಳೆ ಸಹಿಸಿಕೊಳ್ಳಬೇಕು, ಅಷ್ಟೆ. ಇನ್ನೊಂದು, ಟೈಲರಕ್ಕನ ಬೀದಿ. ಅದಾದರೆ ಮನೆಗಳನ್ನು ಕೆಡವಿ, ಅಲ್ಲಿಯವರಿಗೆ ಹೆದ್ದಾರಿಯಾಚೆ ಹೊಸ ಕಟ್ಟಡದಲ್ಲಿ ಮನೆ. ಆ ಕಟ್ಟಡಕ್ಕೆ ಲಿಫ್ಟ್ ಇಲ್ಲ. ಮನೆಯಲ್ಲಿ ಅಂಗಡಿ ನಡೆಸುವಂತಿಲ್ಲ.

"ಇದು ನಿಮ್ಮ ಬಡಾವಣೆ. ತೀರ್ಮಾನ ನಿಮ್ಮದೇ," ಎಂದರು ಕಚೇರಿಯ ಎಂಜಿನಿಯರ್. ಶಾಲೆಯ ಹಾಲ್‌ನಲ್ಲಿ ಎಲ್ಲರನ್ನೂ ಸೇರಿಸಿ ಕೈ ಎತ್ತಿಸುವುದು ಅವರ ಆಲೋಚನೆಯಾಗಿತ್ತು.

ಕೈ ಎತ್ತಿಸುವುದು ಬೇಡವೆಂದವಳು ಟೈಲರಕ್ಕನೇ. ಬಡಾವಣೆಯಲ್ಲಿ ಅರ್ಧದಷ್ಟು ಜನ ಬೇಕರಿಯವರ ಬಾಡಿಗೆದಾರರು, ಇಲ್ಲವೇ ಕೆಲಸದವರು. ಅವಳು ಮನೆಮನೆಗೂ ಹೋಗಿ ಕೇಳಿಕೊಂಡಾಗ ಬಾಗಿಲಲ್ಲಿ ಸಿಕ್ಕಿದ್ದು ಒಂದೇ ಉತ್ತರ. "ನಿಮ್ಮ ಮನೆ ಮುಳುಗಿಸೋಕೆ ನಮಗೇನು ಹುಚ್ಚಾ ಅಕ್ಕಾ? ಆದ್ರೆ ಬೇಕರಿಯವರು ಎದುರಿಗೇ ಕೂತಿದ್ರೆ ಹೇಗೆ ಕೈ ಎತ್ತೋದು, ನೀವೇ ಹೇಳಿ."

ಅವಳು ನಂಬಿದಳು. ದಪ್ಪ ಕಪ್ಪು ಬಟ್ಟೆ ತಂದು ಹಾಲ್‌ನ ಮೂಲೆಗೆ ಪರದೆ ಹೊಲಿದಳು. ತನ್ನ ಡಬ್ಬಿಯಿಂದ ಬಿಳಿ ಬಟನ್‌ಗಳನ್ನು ತಂದು ಮನೆಗೊಂದರಂತೆ ಹಂಚಿದಳು. ಪರದೆಯ ಹಿಂದೆ ಎರಡು ಮುಚ್ಚಿದ ಡಬ್ಬಿಗಳು: ಒಂದರ ಮೇಲೆ ಮೈದಾನದ ಚಿತ್ರ, ಇನ್ನೊಂದರ ಮೇಲೆ ಅವಳ ಬೀದಿಯದು. ಹೊಂಡ ಎಲ್ಲಾಗಬೇಕೋ ಆ ಡಬ್ಬಿಗೆ ಬಟನ್ ಹಾಕಬೇಕು.

"ಟೈಲರಕ್ಕ ಹೊಲಿದ ಪರದೆ ಇದು, ಸೊಳ್ಳೆನೂ ಇಣುಕೋಕಾಗಲ್ಲ," ಎಂದು ಬೇಕರಿಯವರು ತಮಾಷೆ ಮಾಡಿದರು. ಸಾಲು ಸಾಲಾಗಿ ಬಂದವರೆಲ್ಲ ಪರದೆಯಿಂದ ಹೊರಬರುವಾಗ ಅವಳ ಭುಜ ತಟ್ಟಿ ಹೋದರು.

ಎಂಜಿನಿಯರ್ ಮೈದಾನದ ಡಬ್ಬಿಯನ್ನು ಮೇಜಿನ ಮೇಲೆ ಸುರಿದರು. ಬಿದ್ದಷ್ಟೂ ಒಂದು ಅಂಗೈಯಲ್ಲಿ ಹಿಡಿಯುವಷ್ಟಿತ್ತು. ಎಣಿಸಿ ನೋಡಿದರೆ ಅವಳ ಬೀದಿಯಲ್ಲಿರುವ ಮನೆಗಳಿಗಿಂತಲೂ ಕಡಿಮೆ. ಇನ್ನೊಂದು ಡಬ್ಬಿ ಸುರಿದಾಗ ಬಟನ್‌ಗಳು ಉರುಳಿ ನೆಲಕ್ಕೆ ಬಿದ್ದವು. ಹೆಕ್ಕಿಕೊಟ್ಟವರಲ್ಲಿ ಒಬ್ಬರೂ ಅವಳ ಮುಖ ನೋಡಲಿಲ್ಲ.

ಆ ಸಂಜೆ ಪಕ್ಕದ ಮನೆಯ ಪ್ಲಂಬರ್ ಬಂದು ಹೊಸ್ತಿಲ ಮೇಲೆ ಕುಳಿತ. "ನಮ್ಮ ಬೀದಿಯವರೇ ಯಾರೋ ಕೈಕೊಟ್ಟಿದಾರೆ ಅಕ್ಕಾ. ಆ ಕೈ ಸೇದಿಹೋಗ!" ಎಂದು ಶಪಿಸಿ, ಚಹಾ ಕುಡಿದು ಹೋದ.

ಮರುದಿನ ಟೈಲರಕ್ಕ ಕಚೇರಿಗೆ ಹೋದಳು. ಮೊದಲು ಎಂಜಿನಿಯರನ್ನು ಕಂಡು, ಇನ್ನೊಮ್ಮೆ ಸಭೆ ಕರೆಯಿರಿ ಎಂದಳು.

"ಗುಟ್ಟಾಗಿ ಆಗಲಿ ಅಂದವರು ನೀವೇ ಅಲ್ವಾ?" ಎಂದರು ಅವರು, ಸಮಾಧಾನವಾಗಿಯೇ. "ಈಗ ಬದಲಾಯಿಸಿದ್ರೆ ಜನರಿಗೆ ನಂಬಿಕೆ ಹೋಗುತ್ತೆ. ನಿಮ್ಮ ಪರದೆ ಮಾತ್ರ ಒಳ್ಳೇ ಉಪಾಯ ನೋಡಿ. ಬೇರೆ ಬಡಾವಣೆಗಳಿಗೂ ಬೇಕು, ಕೊಟ್ಟಿರಿ."

ಅಲ್ಲಿಂದ ಗುಮಾಸ್ತನ ಮೇಜಿಗೆ ಹೋಗಿ, ಅತ್ತೆಗೆ ಮೆಟ್ಟಿಲು ಹತ್ತಲಾಗದು, ಹೊಸ ಕಟ್ಟಡದಲ್ಲಿ ನೆಲಮಹಡಿಯ ಮನೆಯನ್ನೇ ಕೊಡಿ ಎಂದು ಕೇಳಿದಳು.

"ಅಯ್ಯೋ, ಅದು ಖಾಲಿ ಇಲ್ಲಮ್ಮ. ನಿಮ್ಮ ಪಕ್ಕದ ಮನೆ ಪ್ಲಂಬರ್ ಇಲ್ವಾ, ಅವರು ಸಭೆಗೆ ಮುಂಚೇನೇ ಬಂದು ಹಿಡಿದುಕೊಂಡ್ರು."

ಮನೆಗೆ ಬಂದು ಹೇಳಿದಾಗ ಅತ್ತೆ, "ಕೈ ಎತ್ತಿಸಿದ್ರೆ ನಿನ್ನ ಮುಖ ನೋಡಿ ನಾಚಿಕೆಗಾದ್ರೂ ನಾಲ್ಕು ಜನ ನಮ್ಮ ಕಡೆ ಎತ್ತುತಿದ್ರು," ಎಂದರು. "ಮುಖ ಮುಚ್ಕೊಳ್ಳೋಕೆ ನೀನೇ ಬಟ್ಟೆ ಹೊಲಿದುಕೊಟ್ಟೆಯಲ್ಲೇ!"

ಟೈಲರಕ್ಕ ಪ್ಲಂಬರನ ಮನೆಗೆ ಹೋಗಲಿಲ್ಲ. ಅವನ ಮಗಳ ಶಾಲೆಯ ಸಮವಸ್ತ್ರ ಹೊಲಿಯಲು ಬಂದಿತ್ತು. ಅದನ್ನು ಮುಗಿಸಿ, ಮಡಚಿ, ಕಿಟಕಿಯಿಂದಲೇ ಕೊಟ್ಟಳು. ಅವನ ಹೆಂಡತಿ ಅದನ್ನು ಬಿಡಿಸಿ ನೋಡಿ, ಅಂಚು ವಕ್ರವಾಗಿದೆ ಎಂದಳು. ನಿಜವಾಗಿಯೂ ವಕ್ರವಾಗಿತ್ತು. ಬಿಚ್ಚಿ ಮತ್ತೆ ಹೊಲಿದುಕೊಟ್ಟಳು.

ಈಗ ಬೇಕರಿಯವರ ಹೆಂಡತಿ ಪಿನ್ನು ತಾಗದಂತೆ ಹುಷಾರಾಗಿ ಬಟ್ಟೆ ಕಳಚಿ ಕೊಟ್ಟು, ಬಾಗಿಲಲ್ಲಿ ನಿಂತಳು. "ನಿಮ್ಮ ಅತ್ತೇನ ಮೇಲೆ ಹತ್ತಿಸೋಕೆ ನಮ್ಮ ಕೆಲಸದ ಹುಡುಗರನ್ನ ಕಳಿಸ್ತೀವಿ ಅಂದಿದಾರೆ ಇವರು. ಕುರ್ಚೀಲಿ ಕೂರಿಸಿ ಹೊತ್ಕೊಂಡು ಹೋಗ್ತಾರಂತೆ. ಏನೂ ಯೋಚನೆ ಮಾಡ್ಬೇಡಿ."

"ಹತ್ತಿಸ್ತಾರೆ, ಸರಿ," ಎಂದರು ಒಳಗಿನಿಂದ ಅತ್ತೆ. "ಇಳಿಸೋರು ಯಾರು?"

ಬೇಕರಿಯವರ ಹೆಂಡತಿ ಆಗಲೇ ಬೀದಿಗೆ ಇಳಿದಿದ್ದಳು.

ಮನೆಗಳನ್ನು ಕೆಡವುವ ಯಂತ್ರ ಸೋಮವಾರ ಬರುತ್ತದೆ. ಟೈಲರಕ್ಕನಿಗೆ ಸಿಕ್ಕಿರುವ ಮನೆ ಮೂರನೇ ಮಹಡಿಯಲ್ಲಿದೆ. ಬೇಕರಿಯವರ ಹೆಂಡತಿಯ ಬಟ್ಟೆ ಶನಿವಾರ ಸಿದ್ಧವಾಗುತ್ತದೆ.