ನೀಲಿ ತುಟಿಯ ಐತಪ್ಪ ಮಾವ

ಐತಪ್ಪ ಮಾವನನ್ನು ಇಸ್ಪೀಟು ಮುಳುಗಿಸಿತು ಎಂದು ಅತ್ತಾವರದಲ್ಲಿ ಇವತ್ತಿಗೂ ಹೇಳುವವರಿದ್ದಾರೆ. ಸುಳ್ಳು. ಅವನನ್ನು ಮುಳುಗಿಸಿದ್ದು ಬ್ರಷ್ ನೆಕ್ಕುವ ಚಟ. ಇಸ್ಪೀಟು ಆಡುವವರು ಊರಲ್ಲಿ ನೂರು ಮಂದಿ ಇದ್ದರು. ಆಡಿ, ಮನೆಗೆ ಬಂದು, ಉಂಡು ಮಲಗುತ್ತಿದ್ದರು. ಬ್ರಷ್ ನೆಕ್ಕುವ ಬಾಯಿ ಇಟ್ಟುಕೊಂಡು ಆಟಕ್ಕೆ ಕೂತ ದಡ್ಡ ಇವನೊಬ್ಬನೇ.

ನನ್ನ ಅಮ್ಮನ ತಮ್ಮ ಅವನು. ಸೋದರಮಾವನನ್ನು ‘ಅವನು’ ಎಂದು ಬರೆಯಬಾರದು ಎಂದು ನನ್ನ ಮಗಳು ಹೇಳುತ್ತಾಳೆ. ಎದುರಿಗೆ ಇದ್ದಾಗ ‘ನೀವು’ ಎಂದದ್ದೇ ಸಾಕು. ಈಗ ನನ್ನ ಮೊಮ್ಮಕ್ಕಳು ಅವನ ಫೋಟೊ ಹಜಾರದಲ್ಲಿ ನೇತುಹಾಕಿ ‘ನಮ್ಮ ಕುಟುಂಬದ ದೊಡ್ಡ ಕಲಾವಿದ’ ಅನ್ನುತ್ತಾರೆ. ಫೋಟೊ ಕಪ್ಪು ಬಿಳುಪಿನದ್ದು, ಹಾಗಾಗಿ ಬಚಾವ್.

ಯಾಕೆಂದರೆ ಅವನನ್ನು ನೋಡಿದವರಿಗೆ ಮೊದಲು ಕಾಣುವುದು ತುಟಿ. ನೀಲಿ. ಬ್ರಷ್ಷಿನ ತುದಿ ಚೂಪಾಗಲಿ ಎಂದು ಅದನ್ನು ಬಾಯಿಗಿಟ್ಟು, ತುಟಿ ಮುಂದೆ ಮಾಡಿ, ಒಂದು ಸುತ್ತು ತಿರುಗಿಸಿ ಎಳೆಯುತ್ತಿದ್ದ. ಹಳದಿ, ಕೆಂಪು ಎಲ್ಲ ಸೋಪಿಗೆ ಹೋಗುತ್ತಿತ್ತು, ನೀಲಿ ಹೋಗುತ್ತಿರಲಿಲ್ಲ. ದಾರಿಯಲ್ಲಿ ಯಾರಾದರೂ ‘ಎಂತ ಐತಪ್ಪಣ್ಣ, ನೇರಳೆ ಹಣ್ಣು ತಿಂದದ್ದಾ?’ ಎಂದು ಕೇಳಿದರೆ ನಾಚಿಕೆಪಡಬೇಕಾದವನು ಎದೆ ಮುಂದೆ ಮಾಡುತ್ತಿದ್ದ. ‘ನೇರಳೆ ಅಲ್ಲ ಮಾರಾಯ. ಸಮುದ್ರ. ಆರನೇ ಪುಟದ ಸಮುದ್ರ.’

ಅವನ ಕಸುಬು ಮಕ್ಕಳ ಚಿತ್ರಕತೆ ಪುಸ್ತಕಕ್ಕೆ ಬಣ್ಣ ಹಾಕುವುದು. ಎರಡನೇ ದೊಡ್ಡ ಯುದ್ಧ ಸುರುವಾಗುವುದಕ್ಕೆ ಎರಡು ಮೂರು ವರ್ಷ ಮೊದಲಿನ ಮಾತು. ಊರಿನ ಒಂದು ಪ್ರೆಸ್ಸಿನ ಧಣಿಗಳು ಅಂಥ ಪುಸ್ತಕ ಹೊರಡಿಸುತ್ತಿದ್ದರು. ಒಂದು ಪುಟಕ್ಕೆ ನಾಲ್ಕು ಚೌಕ, ಚೌಕದೊಳಗೆ ಚಿತ್ರ, ಚಿತ್ರದ ಕೆಳಗೆ ಎರಡು ಸಾಲು ಮಾತು. ಪ್ರೆಸ್ಸಿನಲ್ಲಿ ಬರೀ ಕಪ್ಪು ಗೆರೆ ಅಚ್ಚಾಗುತ್ತಿತ್ತು. ಬಣ್ಣ ನಮ್ಮ ಮನೆಯ ಜಗಲಿಯಲ್ಲಿ. ಎಣ್ಣೆ ಕುಡಿಸಿದ ದಪ್ಪ ಕಾಗದದಲ್ಲಿ, ಎಲ್ಲಿ ಹಳದಿ ಬೇಕೋ ಅಲ್ಲಿ ಮಾತ್ರ ಚೂರಿಯಲ್ಲಿ ಕೊರೆದು ತೂತು ಮಾಡುವುದು. ಅದನ್ನು ಹಾಳೆಯ ಮೇಲಿಟ್ಟು ಬ್ರಷ್ಷಿನಿಂದ ಕುಟ್ಟಿದರೆ ಹಳದಿ ಅಷ್ಟು ಜಾಗಕ್ಕೇ ಕೂರುತ್ತದೆ. ಕೆಂಪಿಗೆ ಬೇರೆ ಕಾಗದ, ನೀಲಿಗೆ ಬೇರೆ. ಐದು ಹುಡುಗಿಯರು ಸಾಲಾಗಿ ಕೂತು ಕುಟ್ಟುತ್ತಿದ್ದರು. ಐವರ ಮನೆಯಲ್ಲೂ ಅದರಿಂದಲೇ ಒಲೆ ಉರಿಯುವುದು. ಕೊರೆಯುವವಳು ನಾನು. ನನಗೆ ಆಗ ಹತ್ತೊಂಬತ್ತು, ಓದಿದ್ದು ಎರಡನೇ ಕ್ಲಾಸು, ಕೈ ಮಾತ್ರ ನಡುಗುತ್ತಿರಲಿಲ್ಲ. ಮಾವ ಎಲ್ಲಿ ಯಾವ ಬಣ್ಣ ಎಂದು ಮಾದರಿ ಹಾಳೆಯಲ್ಲಿ ತುಂಬಿಸಿ ಕೊಡುತ್ತಿದ್ದ, ಮತ್ತೆ ಧಣಿಗಳ ಎದುರು ಕೂತು ‘ನಾನು ಮಾಡಿದೆ’ ಎನ್ನುತ್ತಿದ್ದ.

ಮಾವನಿಗೆ ಕೆಲಸ ಗೊತ್ತಿರಲಿಲ್ಲ ಎಂದರೆ ನನ್ನ ನಾಲಗೆ ಬಿದ್ದು ಹೋದೀತು. ಗೊತ್ತಿತ್ತು. ಒಂದು ಪುಸ್ತಕದಲ್ಲಿ ಕಾಗೆಯ ಬೆನ್ನಿಗೆ ನೀಲಿ ಕೊಟ್ಟಿದ್ದ. ಶಾಲೆಯ ಮಾಸ್ತರರೊಬ್ಬರು ಪುಸ್ತಕ ಹಿಡಿದುಕೊಂಡು ಜಗಳಕ್ಕೇ ಬಂದರು. ‘ಎಂತ ಐತಪ್ಪ, ಮಕ್ಕಳಿಗೆ ಸುಳ್ಳು ಕಲಿಸುವುದಾ? ಕಾಗೆ ನೀಲಿಯಾ?’ ಮಾವ ಒಳಗಿನಿಂದ ಒಂದು ಹಿಡಿ ಅನ್ನ ತಂದು ಅಂಗಳಕ್ಕೆ ಎಸೆದ. ಮಧ್ಯಾಹ್ನದ ಬಿಸಿಲು. ಕಾಗೆ ಇಳಿಯಿತು, ಕತ್ತು ತಿರುಗಿಸಿತು. ಮಾಸ್ತರರು ಕನ್ನಡಕ ತೆಗೆದು ಒರೆಸಿ, ಪುನಃ ಹಾಕಿಕೊಂಡು ನೋಡಿದರು. ನೀಲಿಯೇ. ಬಂದ ದಾರಿಯಲ್ಲಿ ಹೋದರು. ಆ ಒಂದು ಕಾಗೆಯ ಕತೆಯನ್ನು ಮಾವ ಎಷ್ಟು ಸಲ ಹೇಳಿದ ಎಂದರೆ, ನಮ್ಮ ಅಂಗಳಕ್ಕೆ ಬರುವುದನ್ನು ಕಾಗೆಗಳೇ ಬಿಟ್ಟವು.

ಪೋಕರ್ ಎಂಬ ಆಟವನ್ನು ಅವನಿಗೆ ಹಿಡಿಸಿದ್ದು ಬೊಂಬಾಯಿ ಕಡೆಯ ಒಬ್ಬ ಸ್ಟೀಮರ್ ಆಫೀಸಿನ ಗುಮಾಸ್ತ. ಹೆಸರು ಕೇಳಿದಾಗ ಅಮ್ಮ ಅದು ಬಂದರದ ಯಾವುದೋ ಬ್ಯಾರಿ ವ್ಯಾಪಾರಿಯ ಹೆಸರು ಎಂದುಕೊಂಡು, ‘ಒಳ್ಳೆಯ ಜನವಾ?’ ಎಂದು ಕೇಳಿದ್ದಳು. ಭಾನುವಾರ ಮಧ್ಯಾಹ್ನ ಬಂದರದ ಒಂದು ಗೋದಾಮಿನಲ್ಲಿ, ಕಾಫಿ ಮೂಟೆಗಳ ನಡುವೆ ಆಟ. ಕೈಗೆ ಐದು ಎಲೆ. ಒಳ್ಳೆಯ ಎಲೆ ಇದ್ದವನು ಇಲ್ಲದವನ ಹಾಗೆ, ಇಲ್ಲದವನು ಇದ್ದವನ ಹಾಗೆ ಕೂರಬೇಕಂತೆ. ಎದುರಿನವನು ಹೆದರಿ ಎಲೆ ಮಗುಚಿ ಇಟ್ಟರೆ ನಾವು ಗೆದ್ದ ಹಾಗೆ.

‘ಇದು ನನಗೇ ಮಾಡಿದ ಆಟ ಸುಂದರಿ’ ಎಂದು ಮಾವ ನನಗೆ ಹೇಳುತ್ತಿದ್ದ. ‘ಮುಖದ ಬಣ್ಣ ನೋಡುವುದೇ ನನ್ನ ಕಸುಬು. ಯಾರ ಕೆನ್ನೆ ಕೆಂಪಾಯಿತು, ಯಾರ ಕಿವಿ ಬಿಳಿಚಿತು, ನನಗೆ ಗೊತ್ತಾಗದೆ ಉಂಟಾ?’

‘ಮತ್ತೆ ಕೊಡೆ ಎಲ್ಲಿ ಮಾವ?’

ಕೊಡೆ ಸೋತಿದ್ದ. ಅದರ ಹಿಂದಿನ ಭಾನುವಾರ ಗಡಿಯಾರದ ಚೈನು. ಅದಕ್ಕೂ ಮೊದಲು ಅಜ್ಜನ ಕಾಲದ ಬೆಳ್ಳಿಯ ಸುಣ್ಣದ ಡಬ್ಬಿ. ಎದುರಿನವರ ಕೆನ್ನೆ, ಕಿವಿ ಎಲ್ಲ ನೋಡಿದ ಮನುಷ್ಯನಿಗೆ ತನ್ನ ಮುಖದಲ್ಲಿ ಒಂದು ಬಾಯಿ ಉಂಟು ಎಂದು ನೆನಪಾಗಲಿಲ್ಲ. ನಮ್ಮ ಜಗಲಿಯ ಐದು ಹುಡುಗಿಯರಿಗೂ ಗೊತ್ತಿದ್ದ ಸಂಗತಿ ಅದು. ಹಾಳೆ ಚಂದ ಬಂದರೆ, ಕೈಯಲ್ಲಿ ಬ್ರಷ್ ಇಲ್ಲದಿದ್ದರೂ ಮಾವನ ತುಟಿ ಮುಂದೆ ಬಂದು ಚೂಪಾಗುತ್ತಿತ್ತು. ಕೆಟ್ಟರೆ ತುಟಿ ಎರಡೂ ಒಳಗೆ. ಅವನು ಬಾಯಿಬಿಟ್ಟು ಹೇಳುವವರೆಗೆ ನಾವು ಕಾಯುತ್ತಲೇ ಇರಲಿಲ್ಲ. ನಮಗೆ ಕಾಣುವುದು ಗೋದಾಮಿನವರಿಗೆ ಕಾಣುವುದಿಲ್ಲವಾ? ಅದೂ ನೀಲಿ ತುಟಿ, ಬಾವುಟದ ಹಾಗೆ.

ಅವನ ಕೊನೆಯ ಕೆಲಸ ಮೀನುಗಾರರ ಹುಡುಗಿಯೊಬ್ಬಳು ಸಮುದ್ರದ ರಾಜನನ್ನು ಕೆಣಕುವ ಕತೆ. ಹದಿನಾರು ಪುಟ. ಅದಕ್ಕಾಗಿ ಮಾವ ನನ್ನನ್ನು ದೋಣಿ ಹತ್ತಿಸಿ ಹೊಳೆಯಾಚೆ ಮೀನುಗಾರರ ಬೆಂಗ್ರೆಗೆ ಕರೆದುಕೊಂಡು ಹೋಗಿ, ಬೂತಾಯಿ ಮೀನಿನ ಹೊಟ್ಟೆಯ ಬಣ್ಣ ಒದ್ದೆ ಇರುವಾಗ ಎಂತ, ಒಣಗಿದ ಮೇಲೆ ಎಂತ ಎಂದು ಇಡೀ ದಿನ ತೋರಿಸಿದ. ನಾನು ಒಂದು ತಿಂಗಳು ಕೂತು ನಲುವತ್ತೆಂಟು ಕಾಗದ ಕೊರೆದೆ. ಅಚ್ಚಾದ ಹಾಳೆಗಳ ಕಟ್ಟು ಪ್ರೆಸ್ಸಿನಿಂದ ಬಂದು ನಮ್ಮ ಜಗಲಿಯಲ್ಲಿ ಕೂತಿತ್ತು. ಕುಟ್ಟಲು ಸುರು ಮಾಡುವುದೊಂದೇ ಬಾಕಿ. ಆಗ ನೋಡಿದರೆ ನಾನು ಕೊರೆದ ಕಟ್ಟು ಕಪಾಟಿನಲ್ಲಿ ಇಲ್ಲ.

‘ಧಣಿಗಳು ನೋಡಬೇಕು ಅಂದರು, ಕೊಟ್ಟು ಬಂದೆ’ ಎಂದ ಮಾವ. ತುಟಿ ಒಳಗಿತ್ತು.

ಬಂದರಕ್ಕೆ ಬಣ್ಣದ ಹುಡಿ ತರಲು ಹೋದೆ. ಹುಡಿ ಮಾರುವ ಹಸನಬ್ಬ ಸಾಹುಕಾರರ ಅಂಗಡಿ ಆ ಗೋದಾಮಿನ ಎದುರಿಗೇ. ಅವರು ಜೂಜಿನ ಹತ್ತಿರ ಹೋಗುವವರಲ್ಲ. ಆದರೆ ಕಣ್ಣು ಮುಚ್ಚಿಕೊಂಡು ಅಂಗಡಿಯಲ್ಲಿ ಕೂರಲು ಆಗುತ್ತದಾ?

‘ಹುಡಿ ಯಾಕೆ ಮಗಳೇ?’ ಎಂದು ಕೇಳಿದರು. ‘ನಿನ್ನ ಮಾವ ಕಾಗದದ ಕಟ್ಟನ್ನೇ ಆಟಕ್ಕೆ ಇಟ್ಟು ಬಿಟ್ಟರಲ್ಲ. ಹಂಚಿನ ಕಾರ್ಖಾನೆಯಲ್ಲಿ ಲೆಕ್ಕ ಬರೆಯುವ ರೈಟರ್ ಮಂಜಪ್ಪ ಹೊಡೆದುಕೊಂಡು ಹೋದ. ಧಣಿಗಳು ಪರವೂರಿನಿಂದ ಸೋಮವಾರ ಬರುವವರೆಗೆ ಕಟ್ಟು ಅವನ ಹತ್ತಿರವೇ.’

ನನಗೆ ತಕ್ಷಣ ಅರ್ಥವಾಯಿತು. ಮಂಜಪ್ಪನ ಅಕ್ಕನ ಮನೆಯಲ್ಲೂ ಬಣ್ಣ ಹಾಕುವ ಕೆಲಸ ಉಂಟು, ಕೊರೆಯಲು ಜನ ಇಲ್ಲ. ಕೊರೆದ ಕಟ್ಟು ಧಣಿಗಳಿಗೆ ತೋರಿಸಿ ‘ಐತಪ್ಪನಿಂದ ಆಗುವುದಿಲ್ಲ, ನಮಗೆ ಕೊಡಿ’ ಎಂದರೆ ಪುಸ್ತಕ ಅವರಿಗೆ ಹೋಗುತ್ತದೆ. ಇದು ಮಾತ್ರವಲ್ಲ, ಮುಂದಿನದ್ದೂ.

ಮನೆಗೆ ಬಂದು ಕೇಳಿದೆ. ಅಮ್ಮನೂ ಅಡುಗೆಮನೆಯಿಂದ ಹೊರಗೆ ಬಂದಳು. ಸೋದರಮಾವ ಎಂದರೆ ನಮ್ಮಲ್ಲಿ ಯಜಮಾನ. ಮನೆ ಹೆಂಗಸಿನ ಕಡೆಯಿಂದ ಇಳಿದು ಬಂದರೂ ಬೀಗದ ಕೈ ಅವಳ ತಮ್ಮನ ಸೊಂಟದಲ್ಲಿ. ಯಾರು ಮಾಡಿದ ಕಟ್ಟಳೆಯೋ, ಖಂಡಿತ ಹೆಂಗಸು ಮಾಡಿದ್ದಲ್ಲ. ಹಾಗಾಗಿ ಮಾವನನ್ನು ನಿಲ್ಲಿಸಿ ಕೇಳಿದ್ದು ಆ ಮನೆಯಲ್ಲಿ ಅದೇ ಮೊದಲು.

‘ಅದು ಕಾಗದ ಮಾರಾಯ್ತಿ, ಬರೀ ಕಾಗದ’ ಎಂದ.

‘ಬರೀ ಕಾಗದವಾದರೆ ಮಂಜಪ್ಪ ಯಾಕೆ ತೆಗೆದುಕೊಂಡದ್ದು?’

ಮಾವ ಹೋಗಿ ಜಗಲಿಯ ತುದಿಯಲ್ಲಿ ಕೂತ. ಅಲ್ಲಿಂದ ನನ್ನನ್ನೇ ಕೇಳಿದ: ‘ಅವರಿಗೆ ಹೇಗೆ ಗೊತ್ತಾಗ್ತದೆ ಸುಂದರಿ? ನನಗೆ ಒಳ್ಳೆಯ ಎಲೆ ಬಂದ ದಿನ ಎಲ್ಲರೂ ಮಗುಚಿ ಇಡ್ತಾರೆ. ನಾನು ಎಲೆ ಇಲ್ಲದೆ ಸುಮ್ಮನೆ ಗಾಳಿ ಬಿಟ್ಟ ದಿನ ಒಬ್ಬನೂ ಆಟ ಬಿಡುವುದಿಲ್ಲ. ನನ್ನ ಹಿಂದೆ ಕನ್ನಡಿ ಇಟ್ಟಿದ್ದಾರಾ ಎಂತ?’

‘ಹಿಂದೆ ಯಾಕೆ? ಮುಂದೆಯೇ ಉಂಟಲ್ಲ, ನಿಮ್ಮ ತುಟಿ’ ಎಂದೆ. ಪೂರಾ ಬಿಡಿಸಿ ಹೇಳಿದೆ. ನಾಚಿಕೆಯಾಗಿ ಆಟ ಬಿಟ್ಟಾನು ಎಂದುಕೊಂಡೆ. ಅವನು ಎದ್ದು ಹೋಗಿ ಕನ್ನಡಿ ನೋಡಿದ. ತಿರುಗಿ ಬಂದಾಗ ಮುಖದಲ್ಲಿ ನಾಚಿಕೆ ಇರಲಿಲ್ಲ. ಲಾಟರಿ ಹೊಡೆದವನ ಮುಖ.

‘ಕಳ್ಳನಿಗೆ ದೀಪ ಹಿಡಿದೆಯಲ್ಲ ನೀನು’ ಎಂದಳು ಅಮ್ಮ.

ಭಾನುವಾರ ಊಟವಾದ ಮೇಲೆ ಬಿಳಿ ಅಂಗಿ ಹಾಕಿಕೊಂಡು ಹೊರಟ. ಕಂಕುಳಲ್ಲಿ ಬಣ್ಣದ ಪೆಟ್ಟಿಗೆ. ಬಾಯಿ ತುಂಬ ಎಲೆ ಅಡಿಕೆ, ಎರಡು ಕೆನ್ನೆಯೂ ಉಬ್ಬಿತ್ತು. ಹುಟ್ಟಿದಂದಿನಿಂದ ಎಲೆ ಅಡಿಕೆ ಮುಟ್ಟಿದವನಲ್ಲ. ಮೆಟ್ಟಿಲ ಹತ್ತಿರ ನಿಂತು, ಜಗಿಯುತ್ತಾ, ‘ನೋಡು, ಈಗ ಎಂತಾದರೂ ಗೊತ್ತಾಗ್ತದಾ?’ ಎಂದು ಕೇಳಿದ. ರಸ ಗದ್ದಕ್ಕೆ ಇಳಿಯುತ್ತಿತ್ತು.

‘ಎಮ್ಮೆ ಮೆಲುಕು ಹಾಕುವುದು ಗೊತ್ತಾಗ್ತದೆ’ ಎಂದೆ.

ನಗಲು ಹೋಗಿ ಕೆಮ್ಮಿದ. ಕೆಮ್ಮುತ್ತಲೇ ಗೇಟು ದಾಟಿದ. ನಾನು ಅವನನ್ನು ನೋಡಿದ್ದು ಅದೇ ಕಡೆಯ ಸಲ. ಆಟಕ್ಕೆ ಇಡಲು ಒಯ್ಯುತ್ತಿದ್ದ ಪೆಟ್ಟಿಗೆ ನನ್ನ ಕಣ್ಣಿಗೆ ಬಿದ್ದಿತ್ತು, ಆದರೂ ತಡೆಯಲಿಲ್ಲ. ಗೆಲ್ಲುತ್ತಾನೆ ಎಂದು ನನಗೂ ಅನಿಸಿತ್ತು. ಅವನನ್ನು ದಡ್ಡ ಎಂದು ಬರೆದಿದ್ದೇನೆ, ಇದನ್ನೂ ಬರೆಯಬೇಕಲ್ಲ.

ಗೆದ್ದ ಕೂಡ. ಸಂಜೆ ಹಸನಬ್ಬ ಸಾಹುಕಾರರೇ ಬಂದು ಅಂಗಳದಲ್ಲಿ ನಿಂತು ಅಮ್ಮನಿಗೆ ಹೇಳಿದರು. ಜಗಿಯುವ ಬಾಯಿಯಲ್ಲಿ ಯಾರಿಗೂ ಎಂತದೂ ಓದಲು ಆಗಲಿಲ್ಲ. ಮೂರನೇ ಆಟಕ್ಕೆ, ಮಂಜಪ್ಪ ಮುಂದಿಟ್ಟ ಕಾಗದದ ಕಟ್ಟು ಮಾವನ ಕೈಗೆ ಬಂತು. ಕಟ್ಟು, ಪೆಟ್ಟಿಗೆ ಎರಡೂ ಎತ್ತಿಕೊಂಡು ಗೋದಾಮಿನ ಬಾಗಿಲಿಗೂ ಬಂದ.

‘ನಾನು ಅಂಗಡಿಯಿಂದಲೇ ಕೂಗಿದೆ ಅಕ್ಕಾ. ಐತಪ್ಪಣ್ಣ, ಸೀದಾ ಮನೆಗೆ ಹೋಗಿ ಅಂತ. ಅವರು ಎಂತ ಮಾಡಿದರು ಗೊತ್ತುಂಟಾ? ಬಾಯಿಯಲ್ಲಿದ್ದದ್ದನ್ನು ಚರಂಡಿಗೆ ಉಗಿದರು. ಮಾತಾಡಬೇಕಿತ್ತಲ್ಲ. “ಸಾಹುಕಾರ್ರೇ, ಗುಟ್ಟು ಸಿಕ್ಕಿತು. ಇನ್ನು ಕೊಡೆ, ಚೈನು, ಡಬ್ಬಿ, ಎಲ್ಲ ವಾಪಸು ಬರ್ತದೆ” ಅಂದರು. ತಿರುಗಿ ಒಳಗೆ ಹೋದರು. ಬರೀ ಬಾಯಿಯಲ್ಲಿ.’

ಹೇಳಿಕೊಳ್ಳದೆ ಇರಲು ಆಗದವನು ಆಡುವ ಆಟವಾ ಅದು? ಕಟ್ಟು ಮತ್ತು ಪೆಟ್ಟಿಗೆ ಒಂದೇ ಸಲ ಮುಂದಿಟ್ಟನಂತೆ. ಕೈಯಲ್ಲಿ ಎಂತದೂ ಇರಲಿಲ್ಲ, ತುಟಿ ಎರಡೂ ಒಳಗೆ ಹೋಗಿದ್ದವು. ಮಂಜಪ್ಪ ಅದನ್ನು ನೋಡಿ ಬಿಡಲೇ ಇಲ್ಲ. ಮಂಜಪ್ಪನ ಕೈಯಲ್ಲಿದ್ದದ್ದಾದರೂ ಎಂತ? ಎರಡರ ಜೋಡಿ. ಅಷ್ಟು ಸಣ್ಣ ಎಲೆಗೆ ನನ್ನ ಒಂದು ತಿಂಗಳ ಕೆಲಸ ಹೋಯಿತು.

ಮಾವ ಮನೆಗೆ ಬರಲಿಲ್ಲ. ಬಂದರದ ಧಕ್ಕೆಯಲ್ಲಿ ಬೊಂಬಾಯಿ ಸ್ಟೀಮರಿಗೆ ಹೋಗುವ ದೋಣಿ ಹತ್ತಿದ್ದನ್ನು ಕಂಡವರಿದ್ದರು. ಬೊಂಬಾಯಿಯಲ್ಲಿ ಸಿನೆಮಾ ಬೋರ್ಡಿಗೆ ಬಣ್ಣ ಹೊಡೆಯುತ್ತಾನೆ ಎಂದು ವರ್ಷಗಳ ಮೇಲೆ ಒಬ್ಬ ಹೇಳಿದ, ಸತ್ತ ಎಂದು ಇನ್ನೊಬ್ಬ. ಅವನಿಂದ ಒಂದು ಪತ್ರವೂ ಬರಲಿಲ್ಲ. ಅಮ್ಮ ಮೂರು ದಿನ ಅತ್ತಳು, ನನ್ನನ್ನೂ ಬೈದಳು. ಬೈಯಲಿ. ತುಟಿಯ ವಿಷಯ ಹೇಳಿದ್ದು ನಾನು, ಉಗಿದದ್ದು ಅವನು.

ನಾನು ಅಳಲು ಕೂರಲಿಲ್ಲ. ಮರುದಿನ ಸೋಮವಾರ. ಪ್ರೆಸ್ಸಿನ ಬಾಗಿಲು ತೆಗೆಯುವ ಮೊದಲೇ ಹೋಗಿ ಮೆಟ್ಟಿಲ ಮೇಲೆ ಕೂತೆ. ಧಣಿಗಳು ಬಂದರು. ಅವರ ಬೆನ್ನಿಗೇ ಮಂಜಪ್ಪ, ಕಟ್ಟು ಹಿಡಿದುಕೊಂಡು.

‘ಐತಪ್ಪ ಎಲ್ಲಿ?’ ಎಂದು ಧಣಿಗಳು ಕೇಳಿದರು.

‘ಇಲ್ಲ. ಹೋದರು’ ಎಂದೆ.

ಮಂಜಪ್ಪ ಕಟ್ಟು ಬಿಚ್ಚಿ ಮೇಜಿನ ಮೇಲೆ ಹರಡಿದ. ‘ಎಲ್ಲ ತಯಾರು ಉಂಟು ಧಣಿಗಳೇ. ಹಾಳೆ ಇವರ ಮನೆಯಿಂದ ತರಿಸಿ ಕೊಡಿ, ಸಾಕು.’

‘ಇನ್ನೂರು ಹಾಳೆ ಕುಟ್ಟುವಷ್ಟರಲ್ಲಿ ಈ ಕಾಗದದ ಅಂಚು ಮೆತ್ತಗಾಗಿ ಬಣ್ಣ ಹೊರಗೆ ಹರಿಯುತ್ತದೆ. ಇರುವುದು ಸಾವಿರ ಪ್ರತಿ. ಮತ್ತೆ ಮತ್ತೆ ಕೊರೆಯಬೇಕು. ಯಾರು ಕೊರೆಯುತ್ತಾರೆ ಎಂದು ಕೇಳಿ’ ಎಂದೆ.

ಧಣಿಗಳು ಮಂಜಪ್ಪನ ಮುಖ ನೋಡಿದರು. ‘ಯಾರನ್ನಾದರೂ ನೋಡುವ’ ಎಂದ ಅವನು.

‘ಇದನ್ನೆಲ್ಲ ಕೊರೆದದ್ದು ಐತಪ್ಪ ಅಲ್ಲವಾ?’ ಎಂದು ಧಣಿಗಳು ನನ್ನನ್ನು ಕೇಳಿದರು.

ನಾನು ಬಾಯಿಯಲ್ಲಿ ಹೇಳಲು ಹೋಗಲಿಲ್ಲ. ಮೇಜಿನ ಮೇಲಿದ್ದ ಖಾಲಿ ದಪ್ಪ ಕಾಗದ ಎಳೆದುಕೊಂಡು, ಸೆರಗಿನಲ್ಲಿ ಕಟ್ಟಿಕೊಂಡು ಹೋಗಿದ್ದ ಚೂರಿ ತೆಗೆದು, ಅವರ ಎದುರೇ ನಿಂತು ಒಂಬತ್ತನೇ ಪುಟದ ಬಲೆಯನ್ನು ನೆನಪಿನಿಂದಲೇ ಕೊರೆದೆ. ಬಲೆಯ ಕಣ್ಣುಗಳೇ ಆ ಪುಸ್ತಕದಲ್ಲಿ ಕಷ್ಟ. ಧಣಿಗಳು ಅದನ್ನು ಮಂಜಪ್ಪನ ಕಟ್ಟಿನಲ್ಲಿದ್ದ ಅದೇ ಬಲೆಯ ಕಾಗದದ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ತೂತಿಗೆ ತೂತು ಕೂತಿತು.

‘ಬಣ್ಣದ ಹುಡಿ ಇಲ್ಲಿಂದಲೇ ತೆಗೆದುಕೊಂಡು ಹೋಗು’ ಎಂದರು.

ಕಟ್ಟು ಮಂಜಪ್ಪನಿಗೇ ಇರಲಿ, ಪುನಃ ಕೊರೆದರಾಯಿತು ಎಂದು, ಆಗಷ್ಟೇ ಕೊರೆದ ಬಲೆಯನ್ನೂ ಹುಡಿಯ ಪೊಟ್ಟಣವನ್ನೂ ಕಟ್ಟಿಸಿಕೊಂಡು ಹೊರಟೆ. ಸೀದಾ ಮನೆಗೆ ಹೋಗಲಿಲ್ಲ. ಐದು ಹುಡುಗಿಯರ ಮನೆಗೂ ಒಂದೊಂದಾಗಿ ಹೋಗಿ, ಅಂಗಳದಲ್ಲೇ ನಿಂತು, ಕೆಲಸ ಉಂಟು, ಗಂಜಿ ಉಂಡು ಬನ್ನಿ ಎಂದು ಕರೆದೆ.