ಮತ್ತೆ ಒಳಗೆ ಹೋದವರು

ಕ್ಯಾಪ್ಟನ್ ಬೆಳಗಿನ ಪ್ರಾರ್ಥನೆ ಮಾಡುತ್ತಿದ್ದುದು ಮಂಚದ ಅಂಚಿನಲ್ಲಿ ಕೂತು, ಒಂದು ಕಾಲಿಗೆ ಕಾಲುಚೀಲ ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು. ಸೇನೆಯ ಸರಕು ವಿಮಾನ ಹಾರಿಸುವವನಿಗೆ ಪುರುಸೊತ್ತು ಕಡಿಮೆ, ಅದು ದೇವರಿಗೂ ಗೊತ್ತು ಎಂಬುದು ಅವರ ನಂಬಿಕೆ. ಬೇಡಿಕೆ ಹೆಚ್ಚೇನೂ ಇರುತ್ತಿರಲಿಲ್ಲ. ಹೆಸರುಗಳನ್ನು ಒಂದೊಂದಾಗಿ ಹೇಳುತ್ತಿದ್ದರು, ಅಷ್ಟೆ. ಹೆಂಡತಿ, ಮಗಳು, ಮಗ, ಅತ್ತೆ, ಮಾವ. ಆಮೇಲೆ ವಿಮಾನದಲ್ಲಿ ಜೊತೆಗೆ ಬರುವವರು, ಅವರ ಮನೆಯವರು. ಕೊನೆಗೆ ವಿಮಾನದ ಎಂಜಿನಿಯರನ ತಾಯಿಯ ಮೊಣಕಾಲು ನೋವು.

"ದಿನಾ ಹಾಜರಿ ಕೂಗ್ತೀರಲ್ಲ, ಆ ಕಡೆಯಿಂದ ಯಾರಾದ್ರೂ ಓಗೊಡ್ತಾರಾ?" ಎಂದು ಹೆಂಡತಿ ಅಡುಗೆಮನೆಯಿಂದಲೇ ಕೇಳುತ್ತಿದ್ದಳು.

"ನೀನು ಕೊಡ್ತಿದ್ದೀಯಲ್ಲ, ಸಾಕು."

ಆಕೆ ವಾಯುನೆಲೆಯ ಆಸ್ಪತ್ರೆಯಲ್ಲಿ ನರ್ಸ್. ಬಾಯಲ್ಲಿ ತಮಾಷೆ ಇದ್ದರೂ ಆಕೆ ಕೈ ಮುಗಿಯುವುದನ್ನು ಬಿಟ್ಟು ವರ್ಷಗಳಾಗಿದ್ದವು. ಅವರ ಮೊದಲ ಮಗು, ಗುಂಡ ಎಂದು ಕರೆಯುತ್ತಿದ್ದದ್ದು, ಹೆಜ್ಜೆ ಇಡಲು ಕಲಿಯುವ ಮುಂಚೆಯೇ ಜ್ವರ ಬಂದು ಅದೇ ಆಸ್ಪತ್ರೆಯಲ್ಲಿ, ಅವಳ ತೋಳಲ್ಲೇ ಹೋಗಿಬಿಟ್ಟಿತ್ತು. ಅಪ್ಪ ಆವತ್ತು ಎಲ್ಲೋ ಮೋಡಗಳ ಮೇಲಿದ್ದರು. ಕ್ಯಾಪ್ಟನ್ ಆ ದುಃಖವನ್ನು ಎತ್ತಿಕೊಂಡು ದೇವರ ಹತ್ತಿರ ಹೋದರು. ಅವಳು ಹೋಗಲಿಲ್ಲ. ಇದರ ಬಗ್ಗೆ ಇಬ್ಬರೂ ಮಾತಾಡಿದವರೇ ಅಲ್ಲ. ಬೆಳಿಗ್ಗೆ ಅವರ ಬಾಯಲ್ಲಿ "ನಮ್ಮ ಗುಂಡ" ಎಂಬ ಮಾತು ಬರುವ ಹೊತ್ತಿಗೆ ಸರಿಯಾಗಿ ಅವಳು ನಲ್ಲಿಯನ್ನು ಜೋರಾಗಿ ಬಿಡುತ್ತಿದ್ದಳು.

ಉಳಿದಂತೆ ಗಂಡನಲ್ಲಿ ದೂರಲು ಏನೂ ಇರಲಿಲ್ಲ. ವಿಮಾನ ಇಳಿದರೆ ಸೀದಾ ಮನೆ. ಮಗಳಿಗೆ ಎರಡು ಜಡೆ ಹಾಕುವುದು ಅವರದೇ ಕೆಲಸ. ಒಂದು ಜಡೆ ಯಾವಾಗಲೂ ಇನ್ನೊಂದಕ್ಕಿಂತ ಮೇಲಿರುತ್ತಿತ್ತು. ಜೊತೆಯವರು ಅವರನ್ನು "ಗುರುಗಳು" ಎಂದು ರೇಗಿಸುತ್ತಿದ್ದರು. ಎಲ್ಲರಿಗಿಂತ ಹೆಚ್ಚು ರೇಗಿಸುತ್ತಿದ್ದವನು ಎಂಜಿನಿಯರ್. ಒಣಕಲು ಮೈಯವನಾದ್ದರಿಂದ ಅವನ ಹೆಸರು ಕಡ್ಡಿ. ಮದುವೆಯಾಗಿರಲಿಲ್ಲ, ಭಾನುವಾರದ ಊಟ ಇವರ ಮನೆಯಲ್ಲೇ. "ಅಕ್ಕಾ, ಗುರುಗಳ ಪ್ರಾರ್ಥನೆ ಇದ್ದರೂ ನಾನು ಬೋಲ್ಟು ಬಿಗಿ ಮಾಡ್ಲೇಬೇಕಲ್ಲ" ಎನ್ನುತ್ತಾ ಎರಡನೇ ಸಲ ಅನ್ನ ಹಾಕಿಸಿಕೊಳ್ಳುತ್ತಿದ್ದ.

ಆ ದಿನ ಆಕೆ ಮಧ್ಯಾಹ್ನದ ಔಷಧಿ ಕೊಡುತ್ತಿದ್ದಾಗ ವಾರ್ಡಿಗೆ ದೊಡ್ಡ ಡಾಕ್ಟರು ಬಂದರು. ಎಲ್ಲರನ್ನೂ ನೋಡಿ ಮಾತಾಡಿದರು, ಅವಳೊಬ್ಬಳನ್ನು ಬಿಟ್ಟು.

"ಸರಕು ವಿಮಾನ ವಾಪಸ್ ಬರ್ತಿದೆ. ಒಂದು ಕಡೆ ಚಕ್ರ ಕೆಳಗಿಳೀತಿಲ್ಲ. ಬೆಡ್‌ಗಳನ್ನ ರೆಡಿ ಮಾಡಿ."

ಬೆಳಿಗ್ಗೆ ಹೋದ ಸರಕು ವಿಮಾನ ಒಂದೇ. ಅವಳು ಕೈಯಲ್ಲಿದ್ದ ಮಾತ್ರೆಯ ತಟ್ಟೆಯನ್ನು ಮೇಜಿನ ಮೇಲಿಟ್ಟಳು.

"ಒಳಗೆ ಎಷ್ಟು ಜನ?"

"ರಜೆಗೆ ಹೊರಟ ಸಿಪಾಯಿಗಳೇ ಇಪ್ಪತ್ತರ ಮೇಲಿದ್ದಾರಂತೆ. ಸಿಸ್ಟರ್, ನೀವು ಮನೆಗೆ ಹೋಗಿ."

"ಮನೇಲಿ ಏನಿದೆ ಡಾಕ್ಟ್ರೇ? ಹಾಸಿಗೆಗಳಿರೋದು ಇಲ್ಲಿ."

ಬಟ್ಟೆ ಕತ್ತರಿಸುವ ಕತ್ತರಿಗಳನ್ನು ಸಾಲಾಗಿ ಇಟ್ಟಳು. ಸಲೈನ್ ಬಾಟಲಿಗಳನ್ನು ತೂಗುಹಾಕಿದಳು. ಸುಟ್ಟ ಗಾಯಕ್ಕೆ ಹಚ್ಚುವ ಮುಲಾಮಿನ ಡಬ್ಬಿಗಳ ಮುಚ್ಚಳ ತೆಗೆದಳು. ಅಷ್ಟರಲ್ಲಿ ಸದ್ದು ಕೇಳಿಸಿತು. ವಿಮಾನ ಇಳಿಯಲಿಲ್ಲ. ಇಂಧನ ಖಾಲಿ ಮಾಡಿಕೊಳ್ಳಲು ಊರಿನ ಮೇಲೆ ಸುತ್ತು ಹೊಡೆಯತೊಡಗಿತು. ತಲೆಯ ಮೇಲೆ ಬಂದಾಗ ಕಿಟಕಿಯ ಗಾಜು ಗಡಗಡ ಎನ್ನುತ್ತಿತ್ತು. ದೂರ ಹೋಗಿ ಸದ್ದು ಸಣ್ಣದಾದಾಗ ವಾರ್ಡಿನಲ್ಲಿ ಎಲ್ಲರೂ ಕೆಲಸ ನಿಲ್ಲಿಸಿ ಕಿವಿಗೊಡುತ್ತಿದ್ದರು. ಮತ್ತೆ ಬರುತ್ತಿತ್ತು. ಮತ್ತೆ ಹೋಗುತ್ತಿತ್ತು.

ಆಕೆ ಶಾಲೆಗೆ ಫೋನ್ ಮಾಡಿದಳು. "ನನ್ನ ಮಕ್ಕಳನ್ನ ಕಿಟಕಿ ಹತ್ರ ಬಿಡಬೇಡಿ ಟೀಚರ್. ಏನಾದ್ರೂ ಹಾಡು ಹೇಳಿಸಿ, ಜೋರಾಗಿ."

ಡಾಕ್ಟರು ಹತ್ತಿರ ಬಂದು ತಗ್ಗಿದ ದನಿಯಲ್ಲಿ, "ದೇವರನ್ನ ನೆನೆಸ್ಕೊಳ್ಳಿ ಸಿಸ್ಟರ್" ಎಂದರು.

"ಅದು ಅವರ ಇಲಾಖೆ, ಡಾಕ್ಟ್ರೇ. ನಂದು ಬ್ಯಾಂಡೇಜು."

ಕೊನೆಗೊಮ್ಮೆ ಸದ್ದಿನ ಧಾಟಿ ಬದಲಾಯಿತು. ಎಂಜಿನ್ನುಗಳು ಉಸಿರು ಕಟ್ಟಿದಂತೆ ತಗ್ಗಿದವು. ಆಮೇಲೆ ತಗಡನ್ನು ಕಲ್ಲಿನ ಮೇಲೆ ಎಳೆದಂಥ ಶಬ್ದ, ಮುಗಿಯದೆ, ಎಳೆದಷ್ಟೂ ಎಳೆದು ನಿಂತಿತು. ಚಾವಣಿಗಳಾಚೆ ಕರಿ ಹೊಗೆ ಏಳುವುದು ಕಂಡಿತು.

ಮೊದಲ ಗಾಡಿಯಲ್ಲಿ ಸಿಪಾಯಿಗಳು ಬಂದರು. ಹೆಚ್ಚಿನವರಿಗೆ ತರಚು ಗಾಯ, ಉಳುಕು. ಕೋ-ಪೈಲಟ್ಟನ ಮಣಿಕಟ್ಟು ಮುರಿದಿತ್ತು. ಅವನು ಇವಳ ಮುಖ ನೋಡದೆ ಬೇರೆ ಹಾಸಿಗೆಯ ಕಡೆ ನಡೆದುಬಿಟ್ಟ. ಹಣೆ ಒಡೆದಿದ್ದ ಒಬ್ಬ ಸಿಪಾಯಿ ಅವಳ ಕೈಗೆ ಸಿಕ್ಕ. ಈಕೆ ಯಾರೆಂದು ಅವನಿಗೆ ಗೊತ್ತಿರಲಿಲ್ಲ.

"ಕ್ಯಾಪ್ಟನ್ ಎಲ್ಲಿ?"

"ಹೊರಗೆ ಬಂದಿದ್ರಮ್ಮ, ನಾನೇ ನೋಡ್ದೆ. ನಮ್ಮನ್ನೆಲ್ಲ ಇಳಿಸಿ ಬಂದ್ರು. ಆಮೇಲೆ ಮತ್ತೆ ಒಳಗೆ ಹೋದ್ರು."

"ಬೆಂಕಿ ಹತ್ತಿತ್ತಾ ಆಗ?"

"ಹತ್ತಿತ್ತಮ್ಮ."

ಅವಳು ಅವನ ಹಣೆಗೆ ಬ್ಯಾಂಡೇಜು ಸುತ್ತಿದಳು. ಸುತ್ತುತ್ತಲೇ ಇದ್ದಳು. "ಸಿಸ್ಟರ್, ಸಾಕು" ಎಂದು ಪಕ್ಕದವಳು ಕೈ ಹಿಡಿದಾಗಲೇ ನಿಲ್ಲಿಸಿದ್ದು.

ಎರಡನೇ ಗಾಡಿಯಲ್ಲಿ ಎರಡು ಸ್ಟ್ರೆಚರ್ ಬಂದವು. ಒಂದರಲ್ಲಿ ಕಡ್ಡಿ. ಸಿಕ್ಕಿಕೊಂಡಿದ್ದ ಚಕ್ರವನ್ನು ಕೈಯಿಂದ ಇಳಿಸಲು ಕೊನೆಯ ತನಕ ಹಿಂಭಾಗದಲ್ಲೇ ಇದ್ದವನು. ನೆಲಕ್ಕೆ ಬಡಿದಾಗ ಕಾಲು ಸರಕಿನ ಪೆಟ್ಟಿಗೆಗಳ ಕೆಳಗೆ ಸಿಕ್ಕಿತ್ತು, ಎರಡೂ ಕೈ ಸುಟ್ಟಿದ್ದವು. ಇನ್ನೊಂದರಲ್ಲಿ ಕ್ಯಾಪ್ಟನ್. ಮುಖವೆಲ್ಲ ಮಸಿ. ಕಡ್ಡಿಯನ್ನು ಹೊತ್ತು ಬಾಗಿಲಿಂದ ಹಾರಿದಾಗ ಬೆನ್ನು ಮುರಿದಿತ್ತು.

"ಎಲ್ಲಾ ಬಂದ್ರಾ?" ಎಂದರು.

"ಬಂದ್ರು. ಅಲ್ಲಾಡಬೇಡಿ."

"ಮೊದಲು ಅವನನ್ನ ನೋಡು."

ಅವಳು ಅವನನ್ನೇ ನೋಡಿದಳು. ಅಂಗಿ ಕತ್ತರಿಸಿ ತೆಗೆದಳು, ಸುಟ್ಟ ಚರ್ಮ ಬಿಡಿಸಿದಳು. ನಡುವೆ ಒಂದು ಪರದೆ, ಅದರಾಚೆ ಗಂಡ. ಡಾಕ್ಟರು ಅವರ ಕಾಲಿನ ಬೆರಳುಗಳನ್ನು ಒತ್ತುತ್ತಾ, "ಗೊತ್ತಾಗುತ್ತಾ? ಇದು?" ಎಂದು ಕೇಳುತ್ತಿದ್ದುದು ಕೇಳಿಸುತ್ತಿತ್ತು. ಮೊದಲ ಮೂರು ಸಲ ಉತ್ತರವೇ ಬರಲಿಲ್ಲ. ಅವಳ ಕೈ ನಿಂತಿತು. ನಾಲ್ಕನೇ ಸಲ "ಹೂಂ" ಎಂದರು. ಆಮೇಲೆ ಸಣ್ಣಗೆ ಗೊಣಗುವುದು ಶುರುವಾಯಿತು.

"ಏನಂತೆ ಅಕ್ಕಾ?" ಕಡ್ಡಿ ಹಲ್ಲು ಕಚ್ಚಿಕೊಂಡು ಕೇಳಿದ.

"ಹಾಜರಿ."

"ನನ್ನ ಹೆಸರು ಬಂತಾ?"

"ಬಂತು, ಸುಮ್ನಿರು."

ಹೆಸರುಗಳು ಒಂದೊಂದೇ ಬಂದವು. "ನಮ್ಮ ಗುಂಡ" ಎಂಬುದೂ ಬಂತು. ಮುಲಾಮು ಹತ್ತಿದ ಕೈಗಳನ್ನು ಹಾಗೇ ಎತ್ತಿ ಹಿಡಿದು, ಅವಳು ಆ ಮಾತನ್ನು ಪೂರ್ತಿ ಕೇಳಿಸಿಕೊಂಡಳು.

ಕಡ್ಡಿ ಉಳಿದ. ಕ್ಯಾಪ್ಟನ್ ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಎದ್ದು ಕೋಲೂರಿ ನಡೆದರು, ಆದರೆ ಮತ್ತೆ ವಿಮಾನ ಹಾರಿಸಲಿಲ್ಲ. ಹಾಸಿಗೆಯಲ್ಲಿದ್ದಷ್ಟು ದಿನ ಮಗ್ಗುಲು ಬದಲಿಸುವುದು, ಮೈ ಒರೆಸುವುದು ಎಲ್ಲ ಅವಳೇ ಮಾಡಿದಳು, ತುಟಿ ಬಿಗಿಹಿಡಿದು. ಒಂದು ಸಂಜೆ ಬಿಸಿನೀರಿನ ಬಟ್ಟೆ ಹಿಂಡುತ್ತಾ ತಡೆಯಲಾರದೆ ಕೇಳಿಬಿಟ್ಟಳು.

"ಹೊರಗೆ ಬಂದಿದ್ರಿ ನೀವು. ಮಕ್ಕಳು ನೆನಪಾಗ್ಲಿಲ್ವಾ?"

"ಆದ್ರು. ಬಾಗಿಲ ಹತ್ರ ಒಂದ್ಸಲ ನಿಂತೂಬಿಟ್ಟೆ. ಒಳಗೆ ಅವನು ಕೂಗ್ತಿದ್ದ ಕಣೆ. ನನ್ನನ್ನಲ್ಲ, ಅವರಮ್ಮನ್ನ."

"ಹಾಗಾದ್ರೆ ನಾವು?"

"ನಿಮ್ಮನ್ನ ದೇವರ ಕೈಗೆ ಒಪ್ಪಿಸ್ದೆ."

"ಆ ಕೈ ಮೇಲೆ ನಂಗೆ ನಂಬಿಕೆ ಇಲ್ಲ ಅಂತ ಗೊತ್ತಿದ್ದೂನಾ?"

ಕ್ಯಾಪ್ಟನ್ನರ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲು ಕೈ ಎತ್ತಲು ಬೆನ್ನಿನ ನೋವು ಬಿಡಲಿಲ್ಲ. ಅವಳೇ ಒರೆಸಿ, ಮತ್ತೆ ಬಟ್ಟೆ ಹಿಂಡತೊಡಗಿದಳು.

ಆಮೇಲಿನ ವರ್ಷಗಳಲ್ಲಿ ಅವರು ಹೊಸ ಪೈಲಟ್ಟುಗಳಿಗೆ ತರಗತಿಯಲ್ಲಿ ಪಾಠ ಹೇಳಿದರು. ವಾರಕ್ಕೊಮ್ಮೆ ಪ್ರಾರ್ಥನಾ ಮಂದಿರಕ್ಕೆ ಹೋಗುವಾಗ ಅವಳೂ ಜೊತೆಗಿರುತ್ತಿದ್ದಳು. "ಮೆಟ್ಟಿಲಲ್ಲಿ ಬೀಳ್ತಾರೆ, ಅದಕ್ಕೆ" ಎನ್ನುತ್ತಿದ್ದಳು. ಮೊದಮೊದಲು ಹೊರಗಿನ ಬೆಂಚಿನಲ್ಲಿ ಕೂರುತ್ತಿದ್ದವಳು ಮುಂದೆ ಒಳಗೂ ಕೂತಳು. ಮಕ್ಕಳು ದೊಡ್ಡವರಾದರು, ಮದುವೆಯಾದರು. ಅವರಿಬ್ಬರ ನಡುವೆ ಆ ಜಗಳ ಆಗಾಗ ತಲೆ ಎತ್ತುತ್ತಲೇ ಇತ್ತು. ಕ್ಯಾಪ್ಟನ್ ಪ್ರತಿ ಸಲವೂ ಸೋತರು.

ಅವರು ಹೋದದ್ದು ಒಂದು ಬೆಳಿಗ್ಗೆ, ತಿಂಡಿಯ ಮೇಜಿನ ಮುಂದೆ, ಹೃದಯ ನಿಂತು. ಕೆಲವು ದಿನ ಬಿಟ್ಟು ಪ್ರಾರ್ಥನಾ ಮಂದಿರದಲ್ಲಿ ಎಲ್ಲರೂ ಸೇರಿದಾಗ, ಹಳೆಯ ಅಧಿಕಾರಿಗಳು ಧೈರ್ಯ, ಕರ್ತವ್ಯ ಎಂದೆಲ್ಲ ಮಾತಾಡಿದರು. ಕೊನೆಗೆ ಅವಳನ್ನು ವೇದಿಕೆಗೆ ಕರೆದರು. ಎದುರಿನ ಸಾಲಿನಲ್ಲಿ ತಲೆ ನರೆತ ಕಡ್ಡಿ, ಪಕ್ಕದಲ್ಲಿ ಅವನ ಹೆಂಡತಿ, ಎತ್ತರಕ್ಕೆ ಬೆಳೆದ ಇಬ್ಬರು ಹೆಣ್ಣುಮಕ್ಕಳು.

"ನಮ್ಮೆಜಮಾನ್ರು ಆವತ್ತು ಮತ್ತೆ ಒಳಗೆ ಹೋಗಿದ್ದಕ್ಕೆ ನಾನು ಜೀವಮಾನವೆಲ್ಲ ಜಗಳ ಆಡಿದೀನಿ" ಎಂದಳು. "ಈಗ್ಲೂ ಕೋಪ ಪೂರ್ತಿ ಹೋಗಿಲ್ಲ. ಅವರು ಒಳಗೆ ಹೋಗದೇ ಇದ್ದಿದ್ರೆ ಹೇಗಿರ್ತಿದ್ರೋ, ಅಂಥವರ ಜೊತೆ ಬಾಳೋಕೆ ನಂಗೆ ಆಗ್ತಿತ್ತೋ ಇಲ್ವೋ, ಅದೂ ಗೊತ್ತಿಲ್ಲ."

ಕಡ್ಡಿ ಎದ್ದು ಬಂದು ತೋಳು ಹಿಡಿದು ಕೆಳಗಿಳಿಸಿದ.

"ಕಾರು ಬಾಗಿಲಿಗೇ ತರ್ತೀನಿ ಅಕ್ಕಾ."

"ಬೇಡ ಕಣೋ, ನಡೆದೇ ಹೋಗೋಣ. ನಿನ್ನ ಮಕ್ಕಳನ್ನ ಕರಿ, ಮಾತಾಡ್ಕೊಂಡು ಹೋಗೋಣ."